ಎರೆಮಣ್ಣಿಗೆ ನಾವು ಕೊಡುವುದೇನು?

ಕೃಷ್ಣೆ ಮತ್ತು ಭೀಮೆಯ ನಡುವಿನ ವಿಜಯಪುರ ಸೀಮೆಯ ಎರೆ ಭೂಮಿಯ ಔದಾರ್ಯವನ್ನು ಕೊಂಡಾಡಿದವರು ಬಹಳ ಮಂದಿ. ಇಂಡಿಯ ನಿಂಬೆ, ಸಿಂದಗಿಯ ತೊಗರಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಬಿಳಿಜೋಳ, ಕಡಲೆ ಎಂದು ಹೆಸರು ಹೇಳುತ್ತ ಹೋದರೆ ಸಾಕು, ಈ ಸೀಮೆಯವರ ಮುಖದಲ್ಲಿ ಅಭಿಮಾನ ಮೂಡುತ್ತದೆ. ಡೋಣಿ ನದಿಯ ಸಾಲಿನಲ್ಲಿ ಬೆಳೆ ಬಂದ ವರ್ಷ ಊರಿನ ಓಣಿ ಓಣಿಯೂ ಕಾಳಿನಿಂದ ತುಂಬುತ್ತದೆ ಎಂಬ ಮಾತು ಇಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಮಣ್ಣು ನಮಗೆ ಕೊಟ್ಟದ್ದನ್ನು ನೆನೆಯುವ ಇಂಥ ಮಾತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ನಾವು ಮಣ್ಣಿಗೆ ಮರಳಿಸಿದ್ದೇನು? ಹೇಗೆ ಮರಳಿಸಿದೆವು? ಮರಳಿಸುವಾಗ ಅದರ ಮುಖವನ್ನೊಮ್ಮೆ ನೋಡಿದೆವೆ? ರಸಗೊಬ್ಬರದ ವಿಷಯ ಬಂದಾಗ ನಾವು ಅಭಾವದ ಮಾತಾಡುತ್ತೇವೆ, ದರದ ಮಾತಾಡುತ್ತೇವೆ, ಸೊಸೈಟಿಯ ಮುಂದಿನ ಸರದಿಯ ಮಾತಾಡುತ್ತೇವೆ. ಅವೆಲ್ಲ ನಿಜವಾದ ಕಷ್ಟಗಳೇ. ಆದರೂ ಗೊಬ್ಬರ ಎಂಬುದು ಮೂಲದಲ್ಲಿ ಮನುಷ್ಯ ಭೂಮಿಗೆ ಕೊಡುವ ಕೊಡುಗೆ. ಕೊಡುವುದು ಎಂದರೇನು ಎಂದು ಯೋಚಿಸದೆ ಗೊಬ್ಬರದ ಬಗ್ಗೆ ಯೋಚಿಸಲು ಬಂದೀತೆ?

ರಾಶಿ ಮುಗಿದು ಚೀಲಗಳು ಗಾಡಿ ಏರಿದಾಗ ಹೊಲದ ಒಂದು ಪಾಲೂ ಅವುಗಳೊಂದಿಗೆ ಹೊರಟುಹೋಗುತ್ತದೆ. ತೊಗರಿಯಲ್ಲಿ ನೂರಕ್ಕೆ ಸುಮಾರು 22ರಷ್ಟು ಪ್ರೋಟೀನು, ಆ ಪ್ರೋಟೀನಿನಲ್ಲಿ ನೂರಕ್ಕೆ 16ರಷ್ಟು ಸಾರಜನಕ. ಅಂದರೆ ಒಂದು ಕ್ವಿಂಟಲ್ ತೊಗರಿ ಮಾರುಕಟ್ಟೆಗೆ ಹೋದಾಗ ಮೂರೂವರೆ ಕಿಲೊ ಸಾರಜನಕ ಊರು ಬಿಡುತ್ತದೆ. ಅದರ ಬೆನ್ನಿಗೆ ರಂಜಕ, ಪೊಟ್ಯಾಷ್, ಗಂಧಕ, ಸತು ಎಲ್ಲವೂ ಇಷ್ಟಿಷ್ಟು ಹೋಗುತ್ತವೆ. ಭೀಮೆಯ ದಂಡೆಯ ಕಬ್ಬಿನ ಕಥೆ ಬೇರೆ. ಸಕ್ಕರೆಯಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಗಾಳಿ, ನೀರು, ಬಿಸಿಲು ಕೂಡಿ ಹಡೆದ ಸಿಹಿ ಅದು. ಕಬ್ಬು ಮಣ್ಣಿನಿಂದ ಎತ್ತಿಕೊಂಡ ಸಾರವೆಲ್ಲ ರವದಿಯಲ್ಲಿ, ಕಾರ್ಖಾನೆಯ ಮಡ್ಡಿಯಲ್ಲಿ, ಕಾಕಂಬಿಯಲ್ಲಿ ಉಳಿದಿರುತ್ತದೆ. ಮನಸ್ಸು ಮಾಡಿದರೆ ಅದರ ಬಹುಭಾಗವನ್ನು ಹೊಲಕ್ಕೆ ತಿರುಗಿ ತರಬಹುದು. ಆದರೂ ಕಟಾವು ಮುಗಿದ ಮೇಲೆ ರವದಿಗೆ ಬೆಂಕಿ ಹಚ್ಚುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ. ಒಯ್ಯುವುದಕ್ಕೆ ಇರುವ ಉತ್ಸಾಹ ಮರಳಿಸುವುದಕ್ಕೆ ಏಕೆ ಇಲ್ಲ?

ನಮ್ಮ ಹಿರಿಯರಿಗೆ ಸಾರಜನಕದ ಹೆಸರು ತಿಳಿದಿರಲಿಲ್ಲ. ತೆಗೆದುಕೊಂಡದ್ದನ್ನು ತಿರುಗಿ ಕೊಡಬೇಕು ಎಂಬುದು ತಿಳಿದಿತ್ತು. ಜೋಳದ ಕಣಿಕೆ ದನಕ್ಕೆ, ದನದ ಸೆಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಬೇಸಿಗೆಯಲ್ಲಿ ಹೊಲಕ್ಕೆ. ಕುರಿ ಹಿಂಡು ಬಂದು ಹೊಲದಲ್ಲಿ ರಾತ್ರಿ ತಂಗಿದರೆ ಕುರುಬರಿಗೆ ಕಾಳು ಅಳೆದು ಕೊಟ್ಟು ಕಳಿಸುತ್ತಿದ್ದರು. ತೊಗರಿಯ ಎಲೆ ತಾನಾಗಿ ಉದುರಿ ಮುಂದಿನ ಬೆಳೆಗೆ ಹಾಸಿಗೆಯಾಗುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಿಂದಲೇ ಎತ್ತು ತಿದ್ದಿ ಪೂಜಿಸಿದವರು, ಎಳ್ಳಮಾಸಿಗೆ ತೆನೆ ಹೊತ್ತ ಹೊಲದಲ್ಲಿ ಚರಗ ಚೆಲ್ಲಿದವರು, ಭೂಮಿಯನ್ನು ಉಣಿಸಬೇಕಾದ ಜೀವವೆಂದು ಬಗೆದಿದ್ದರು. ಉಣ್ಣುವ ಮೊದಲು ಉಣಿಸಬೇಕೆಂಬ ಈ ಮನಸ್ಸಿಗಿಂತ ದೊಡ್ಡ ಕೃಷಿ ಪಾಠ ಯಾವುದಿದೆ?

ಹಾಗೆಂದು ಆ ಕಾಲವನ್ನು ಕೊರತೆಯಿಲ್ಲದ ಕಾಲವೆಂದು ಬಣ್ಣಿಸಿದರೆ ಹಿರಿಯರ ಕಷ್ಟಕ್ಕೆ ಅಪಚಾರವಾದೀತು. ಮರಗಳಿಲ್ಲದ ಬಯಲಿನಲ್ಲಿ ಒಲೆಗೆ ಸೌದೆಯಿಲ್ಲ. ಸೆಗಣಿಯ ಬಹುಪಾಲು ಕುಳ್ಳಾಗಿ ಉರಿದುಹೋಗುತ್ತಿತ್ತು. 1889ರಲ್ಲಿ ಭಾರತಕ್ಕೆ ಬಂದು ಊರೂರು ಸುತ್ತಿದ ಕೃಷಿ ರಸಾಯನಶಾಸ್ತ್ರಜ್ಞ ಜಾನ್ ಆಗಸ್ಟಸ್ ವೋಲ್ಕರ್, 1893ರ ತನ್ನ ವರದಿಯಲ್ಲಿ ಇಲ್ಲಿನ ರೈತರ ಜಾಣ್ಮೆಯನ್ನು ಮನಸಾರೆ ಮೆಚ್ಚಿದ. ಅದರ ಜೊತೆಗೇ, ಹೊಲಕ್ಕೆ ಸೇರಬೇಕಾದ ಸೆಗಣಿ ಒಲೆ ಸೇರುವುದನ್ನು ಕಂಡು, ಉರುವಲಿಗಾಗಿ ಮರ ಬೆಳೆಸಬೇಕೆಂದು ಒತ್ತಿ ಹೇಳಿದ. 1876–78ರ ಮಹಾಬರ ಆಗಿನ ಕಲಾದಗಿ ಜಿಲ್ಲೆಯನ್ನು, ಎಂದರೆ ಇದೇ ನಮ್ಮ ಸೀಮೆಯನ್ನು, ಹಿಂಡಿ ಹಾಕಿತ್ತು. ಬರಕ್ಕೆ ಕಾರಣ ಮಳೆಯೇ ಇರಬಹುದು. ಆದರೆ ಒಳ್ಳೆಯ ವರ್ಷದಲ್ಲೂ ಹಗೇವಿನಲ್ಲಿ ಕಾಳು ಉಳಿಯದ ಮನೆಗೆ ಕೆಟ್ಟ ವರ್ಷ ಬಂದರೆ ಗತಿಯೇನು? ಎಕರೆಗೆ ಇನ್ನೆರಡು ಚೀಲ ಹೆಚ್ಚು ಬೆಳೆಯುವುದು ಆ ಕಾಲದಲ್ಲಿ ಆಸೆಯ ಮಾತಾಗಿರಲಿಲ್ಲ, ಬದುಕಿ ಉಳಿಯುವ ಮಾತಾಗಿತ್ತು. ರಸಗೊಬ್ಬರವನ್ನು ತೂಗಿ ನೋಡುವಾಗ ಆ ಹಸಿವನ್ನು ತಕ್ಕಡಿಯ ಹೊರಗಿಡುವುದು ನ್ಯಾಯವೆ?

ಹೊಲದ ಒಂದೊಂದು ಎಕರೆಯ ಮೇಲೂ ಆಕಾಶದಲ್ಲಿ ಸುಮಾರು 30,000 ಟನ್ ಸಾರಜನಕವಿದೆ. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ 78 ಪಾಲು ಅದೇ. ಆದರೂ ಹಸಿದ ಪೈರು ಅದನ್ನು ಮುಟ್ಟಲಾರದು. ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿದು ಹಿಡಿದಿರುತ್ತವೆ. ಇಷ್ಟು ಹತ್ತಿರದ ಸಂಪತ್ತು ಇಷ್ಟು ದೂರವಾಗಿರುವುದು ಸೃಷ್ಟಿಯ ದೊಡ್ಡ ಒಗಟುಗಳಲ್ಲಿ ಒಂದು. 1909ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹೇಬರ್ ಆ ಬಿಗಿಯನ್ನು ಸಡಿಲಿಸಿ, ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದ. ಕಾರ್ಲ್ ಬಾಷ್ 1913ರಲ್ಲಿ ಓಪೌ ಎಂಬಲ್ಲಿ ಅದನ್ನೇ ಕಾರ್ಖಾನೆಯ ಮಟ್ಟಕ್ಕೆ ಏರಿಸಿದ. ಕಬ್ಬಿಣದ ಕ್ರಿಯಾವರ್ಧಕ, 400ರಿಂದ 500 ಡಿಗ್ರಿ ಶಾಖ, ವಾತಾವರಣದ ಒತ್ತಡದ ನೂರು ಇನ್ನೂರು ಪಟ್ಟು ಒತ್ತಡ, ಇಷ್ಟು ಸೇರಿದರೆ ಗಾಳಿ ಅನ್ನವಾಗುವ ಹಾದಿ ಹಿಡಿಯುತ್ತದೆ. ಇಂದು ಜಗತ್ತಿನ ಅರ್ಧದಷ್ಟು ಜನರ ಊಟ ಈ ಹಾದಿಯಿಂದಲೇ ಬಂದದ್ದು. ನಮ್ಮ ರಕ್ತಮಾಂಸದೊಳಗಿನ ಸಾರಜನಕದಲ್ಲೂ ಒಂದು ದೊಡ್ಡ ಪಾಲು ಎಂದೋ ಒಮ್ಮೆ ಕಾರ್ಖಾನೆಯ ಕೊಳವೆಯಲ್ಲಿ ಹರಿದು ಬಂದದ್ದೇ.

ಈ ವಿದ್ಯೆ ನಮ್ಮ ನಾಡಿಗೆ ಪರಕೀಯವಾಗಿ ಉಳಿಯಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿತ್ತು. 1976ರಿಂದ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ಉತ್ಪಾದನೆ ನಡೆದಿದೆ. ಅಲ್ಲಿ ಮೊದಲು ನ್ಯಾಫ್ತಾದಿಂದ ಜಲಜನಕ ತೆಗೆಯುತ್ತಿದ್ದರು, ಈಗ ಕೊಚ್ಚಿಯಿಂದ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಜಲಜನಕ ತೆಗೆಯುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನೂ ಹಾಳು ಮಾಡದೆ ಅಮೋನಿಯಾದ ಜೊತೆ ಕೂಡಿಸಿದರೆ ಯೂರಿಯಾ. ನೂರಕ್ಕೆ 46 ಪಾಲು ಸಾರಜನಕವುಳ್ಳ ಈ ಬಿಳಿ ಹರಳಿನ 45 ಕಿಲೊ ಚೀಲದಲ್ಲಿ ಸುಮಾರು ಆರು ಕ್ವಿಂಟಲ್ ತೊಗರಿ ಒಯ್ದಷ್ಟು ಸಾರಜನಕ ಅಡಗಿದೆ. ಸಮುದ್ರದ ದಂಡೆಯಲ್ಲಿ ಗಾಳಿಯಿಂದ ಹಿಡಿದದ್ದು ಘಟ್ಟ ಹತ್ತಿ ಬಂದು ಎರೆ ಹೊಲದಲ್ಲಿ ಜೋಳದ ತೆನೆಯಾಗುತ್ತದೆ ಎಂದರೆ, ಅದು ಮನುಷ್ಯನ ಬುದ್ಧಿ ಮನುಷ್ಯನ ಹಸಿವಿಗೆ ಸಲ್ಲಿಸಿದ ಸೇವೆಯಲ್ಲವೆ?

ಆದರೆ ಆ ಬುದ್ಧಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಅಮೋನಿಯಾದಿಂದ ನೈಟ್ರಿಕ್ ಆಮ್ಲ ತೆಗೆದು ಮೊದಲ ಮಹಾಯುದ್ಧದ ಸಿಡಿಮದ್ದು ಮಾಡಿದರು. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಕ್ಲೋರಿನ್ ವಿಷಾನಿಲ ಬಿಡುವ ಕೆಲಸಕ್ಕೆ ಮುಂದೆ ನಿಂತವನು ಹೇಬರನೇ. 1918ರ ನೊಬೆಲ್ ಪ್ರಶಸ್ತಿಯೂ ಅವನಿಗೇ ಸಂದಿತು. ಅನ್ನ ಕೊಟ್ಟ ಕೈ, ಉಸಿರು ಕಿತ್ತ ಕೈ, ಎರಡೂ ಒಂದೇ. ಈ ವಿರೋಧಾಭಾಸದಿಂದ ನಾವು ವಿದ್ಯೆಯೇ ಕೆಟ್ಟದ್ದೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಯಾವ ಪದಾರ್ಥವೂ ತನ್ನಷ್ಟಕ್ಕೆ ಪುಣ್ಯವನ್ನೋ ಪಾಪವನ್ನೋ ಹೊತ್ತು ಬರುವುದಿಲ್ಲ. ಯಾರಿಗೆ, ಎಷ್ಟು, ಯಾವ ಮನಸ್ಸಿನಿಂದ ಕೊಡುತ್ತೇವೆ ಎಂಬುದರಲ್ಲಿ ಅದರ ಗುಣ ತೀರ್ಮಾನವಾಗುತ್ತದೆ. ಈ ಮಾತು ಯುದ್ಧಭೂಮಿಗೆ ಎಷ್ಟು ಸತ್ಯವೋ ನಮ್ಮ ಹೊಲಕ್ಕೂ ಅಷ್ಟೇ ಸತ್ಯ.

ಇಂದು ನಾವು ಎರಡು ಪಂಗಡಗಳಾಗಿ ವಾದಿಸುತ್ತೇವೆ. ಒಬ್ಬರಿಗೆ ಚೀಲದ ಗೊಬ್ಬರವೆಂದರೆ ವಿಷ, ಇನ್ನೊಬ್ಬರಿಗೆ ತಿಪ್ಪೆಗೊಬ್ಬರವೆಂದರೆ ಹಳೆಯ ಕಾಲದ ಹಂಬಲ. ಬೇರಿಗೆ ಈ ಜಗಳ ಗೊತ್ತಿಲ್ಲ. ಸೆಗಣಿಯಿಂದ ಬಂದ ಸಾರಜನಕವೂ ಕಾರ್ಖಾನೆಯಿಂದ ಬಂದ ಸಾರಜನಕವೂ ಕೊನೆಗೆ ಅದರ ಬಾಗಿಲಿಗೆ ಬರುವುದು ಅಮೋನಿಯಂ ಇಲ್ಲವೆ ನೈಟ್ರೇಟ್ ರೂಪದಲ್ಲಿ. 1828ರಲ್ಲಿ ರಸಾಯನಶಾಸ್ತ್ರಜ್ಞ ಫ್ರೀಡ್ರಿಕ್ ವೋಲರ್ ಪ್ರಯೋಗಶಾಲೆಯಲ್ಲಿ ಯೂರಿಯಾ ಮಾಡಿದಾಗ, ಅದು ದನದ ಗಂಜಲದೊಳಗಿನ ಯೂರಿಯಾದಿಂದ ಎಳ್ಳಷ್ಟೂ ಬೇರೆಯಾಗಿರಲಿಲ್ಲ. ಜೀವವುಳ್ಳದ್ದು, ಜೀವವಿಲ್ಲದ್ದು ಎಂದು ನಾವು ಎಳೆದ ಗೆರೆಯನ್ನು ರಸಾಯನಶಾಸ್ತ್ರ ಅಂದಿನಿಂದ ಅಳಿಸತೊಡಗಿತು. ಆದರೆ ಇದಕ್ಕಿಂತ ಮುಂದಿನ ಪ್ರಶ್ನೆಯೊಂದಿದೆ. ಬೇರಿಗೆ ಬೇಕಾದದ್ದು ಸಿಕ್ಕಿದರೆ ಮಣ್ಣಿಗೆ ಬೇಕಾದದ್ದೂ ಸಿಕ್ಕಿತೆ? ತಿಪ್ಪೆಗೊಬ್ಬರದ ಒಂದು ಗಾಡಿಯಲ್ಲಿ ಸಾರಜನಕ ಸ್ವಲ್ಪ, ಇಂಗಾಲ ಬಹಳ. ಆ ಇಂಗಾಲವನ್ನು ಉಂಡು ಕೋಟಿ ಕೋಟಿ ಸೂಕ್ಷ್ಮಜೀವಿಗಳು ಬದುಕುತ್ತವೆ, ಮಣ್ಣಿನ ಕಣಗಳು ಕೂಡಿ ಅದು ಹುಡಿಯಾಗುತ್ತದೆ, ಮಳೆಯ ಹನಿಗೆ ನಿಲ್ಲಲು ಎಡೆ ಸಿಗುತ್ತದೆ. ಚೀಲದ ಗೊಬ್ಬರ ಪೈರನ್ನು ಉಣಿಸುತ್ತದೆ, ತಿಪ್ಪೆಯ ಗೊಬ್ಬರ ಪೈರಿನ ಮನೆಯನ್ನು ಉಣಿಸುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನೂ ಕೊಟ್ಟೆವೆಂದು ತಿಳಿದದ್ದೇ ನಮ್ಮ ಕಾಲದ ಭ್ರಮೆ.

ಈ ಸೀಮೆಯ ಮಣ್ಣಿನ ಸ್ವಭಾವವನ್ನು ಅರಿತರೆ ಈ ಭ್ರಮೆ ಇನ್ನಷ್ಟು ಸ್ಪಷ್ಟವಾಗುತ್ತದೆ. ದಖ್ಖನ್ನಿನ ಕಪ್ಪು ಶಿಲೆ ಯುಗಯುಗ ಸವೆದು ಆದ ಎರೆಮಣ್ಣು ಇದು. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಯಲ್ಲಿ ಉಬ್ಬಿ, ಹಿಂಗಾರಿನುದ್ದಕ್ಕೂ ತೇವವನ್ನು ಒಡಲಲ್ಲಿಟ್ಟು ಜೋಳವನ್ನು ಸಾಕುತ್ತದೆ. ಅದರಲ್ಲಿ ಸುಣ್ಣದ ಹರಳು ಹೇರಳ, ಕ್ಷಾರದ ಗುಣ ಹೆಚ್ಚು. ಪೊಟ್ಯಾಷ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಸಾರಜನಕ ಮತ್ತು ಸಾವಯವ ಇಂಗಾಲ ಕಡಿಮೆ. ಇಂಥ ಮಣ್ಣಿನ ಮೇಲ್ಮೈಯಲ್ಲಿ ಯೂರಿಯಾ ಎರಚಿ ಬಿಟ್ಟರೆ ಅದರ ಒಂದು ಪಾಲು ಮತ್ತೆ ಅಮೋನಿಯಾ ಅನಿಲವಾಗಿ ಗಾಳಿಗೇ ಹೋಗುತ್ತದೆ. ಅಷ್ಟು ಶಾಖ, ಅಷ್ಟು ಒತ್ತಡ ಹಾಕಿ ಗಾಳಿಯಿಂದ ಹಿಡಿದು ತಂದದ್ದನ್ನು ತುಸು ಆಳಕ್ಕೆ ಇಳಿಸುವ ತಾಳ್ಮೆಯಿಲ್ಲದೆ ಗಾಳಿಗೆ ಒಪ್ಪಿಸುತ್ತೇವೆ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ರೂಪದಲ್ಲಿ ಹಾಕಿದ ರಂಜಕ ಸುಣ್ಣದೊಂದಿಗೆ ಬಿಗಿದುಕೊಂಡು ಬೇರಿನ ಕೈಗೆ ಎಟುಕದಂತೆ ಕೂಡುತ್ತದೆ. ಬೀಜದ ಸಾಲಿನಲ್ಲೇ ಕೂರಿಗೆಯಿಂದ ಇಳಿಸಿದರೆ ಅದು ಬೇರಿನ ಹತ್ತಿರವಾದರೂ ಇದ್ದೀತು. ತೇವವಿಲ್ಲದ ವರ್ಷದಲ್ಲಂತೂ ಯಾವ ಗೊಬ್ಬರವೂ ಬೇರಿನ ಭಾಷೆಯನ್ನು ಆಡಲಾರದು. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ನಡೆಸಿದವರು ಮೊದಲು ಒಡ್ಡು ಹಾಕಿ ಮಳೆನೀರು ತಡೆಯಿರಿ ಎಂದದ್ದು ಈ ಅರಿವಿನಿಂದಲೇ.

ಬೆಳೆಯ ಎತ್ತರವನ್ನು ಗೊತ್ತುಮಾಡುವುದು ಯಾವುದು? ಹೇರಳವಾಗಿರುವ ಸಾರವೆ, ಕೊರತೆಯಾದ ಸಾರವೆ? ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಲ್ ಸ್ಪ್ರೆಂಗಲ್ ಕಂಡು, ಯೂಸ್ಟಸ್ ಫಾನ್ ಲೀಬಿಗ್ ಜಗತ್ತಿಗೆ ಸಾರಿದ ನಿಯಮ ಇಷ್ಟೇ: ಎಲ್ಲಕ್ಕಿಂತ ಕಡಿಮೆ ಇರುವುದು ಯಾವುದೋ ಅದೇ ಬೆಳೆಯ ಮಿತಿ. ಸತುವಿಗಾಗಿ ಹಸಿದ ಹೊಲಕ್ಕೆ ಯೂರಿಯಾದ ಮೇಲೆ ಯೂರಿಯಾ ಸುರಿದರೆ ಹಸಿವು ಹಿಂಗುವುದಿಲ್ಲ. ನಮ್ಮ ರಾಜ್ಯ 2009ರಲ್ಲಿ ಭೂಚೇತನ ಯೋಜನೆ ಕೈಗೊಂಡಾಗ ಹಳ್ಳಿ ಹಳ್ಳಿಯ ಮಣ್ಣು ಪರೀಕ್ಷೆ ತೋರಿಸಿದ್ದೂ ಇದನ್ನೇ. ಗಂಧಕ, ಸತು, ಬೋರಾನ್‌ಗಳ ಕೊರತೆ ಒಣಬೇಸಾಯದ ಹೊಲಗಳಲ್ಲಿ ವ್ಯಾಪಕವಾಗಿತ್ತು. ಎಕರೆಗೆ ಕೆಲವೇ ಕಿಲೊ ಬೇಕಾದ, ಬೋರಾನ್ ಆದರೆ ಇನ್ನೂ ಕಡಿಮೆ ಸಾಕಾದ ಈ ಅಲ್ಪ ವಸ್ತುಗಳು ನೂರಾರು ರೂಪಾಯಿಯ ಚೀಲಗಳ ಫಲವನ್ನು ತಡೆದು ನಿಲ್ಲಿಸಿದ್ದವು. ಈ ನಿಯಮ ಹೊಲದ ಬದುವಿನಲ್ಲಿ ನಿಂತುಬಿಡುತ್ತದೆಯೆ? ಒಂದು ಊರಿನ ಏಳಿಗೆ ಅದರ ಸಿರಿವಂತನ ಮಾಳಿಗೆಯಿಂದ ಗೊತ್ತಾಗುವುದಿಲ್ಲ, ಕಡೆಯ ಮನೆಯ ಒಲೆಯಿಂದ ಗೊತ್ತಾಗುತ್ತದೆ. ಇದ್ದವರಿಗೆ ಇನ್ನಷ್ಟು ಸೇರಿಸಿ ನಾಡು ಬೆಳೆಯಿತೆನ್ನುವವರಿಗೂ ಮಣ್ಣು ಈ ಪಾಠವನ್ನು ಹೇಳುತ್ತಲೇ ಇದೆ.

ಹೀಗಿದ್ದೂ ನಾವು ಯೂರಿಯಾವನ್ನೇ ಏಕೆ ಹೆಚ್ಚು ಸುರಿಯುತ್ತೇವೆ? ಒಂದು ಕಾರಣ ಕಣ್ಣಿನದು. ಎರಚಿದ ವಾರದೊಳಗೆ ಪೈರು ಕಪ್ಪು ಹಸಿರಾಗುತ್ತದೆ, ಮನಸ್ಸು ತಂಪಾಗುತ್ತದೆ. ಸತುವಿನ ಉಪಕಾರ, ಇಂಗಾಲದ ಉಪಕಾರ ಹಾಗೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಕಾರಣ ದರದ್ದು. 45 ಕಿಲೊ ಯೂರಿಯಾ ಚೀಲಕ್ಕೆ ರೈತ ಕೊಡುವುದು ₹266.50, ಡಿಎಪಿಯ 50 ಕಿಲೊ ಚೀಲಕ್ಕೆ ₹1,350. ತಯಾರಿಕೆಯ ವೆಚ್ಚದ ಬಹುಭಾಗವನ್ನು ಸರಕಾರದ ಬೊಕ್ಕಸ ಹೊರುತ್ತದೆ. ಬಡ ರೈತನ ಕೈಗೆ ಗೊಬ್ಬರ ಎಟುಕಲೆಂಬ ಉದ್ದೇಶ ಒಳ್ಳೆಯದೇ. ಆದರೆ ಒಂದನ್ನು ಅಗ್ಗವಾಗಿಸಿದಾಗ ಅದನ್ನೇ ಹೆಚ್ಚು ಕೊಡುವ ಚಾಳಿಯೂ ಬೆಳೆಯಿತು. ಸುಲಭವಾಗಿ ಸಿಕ್ಕದ್ದನ್ನು ಕೊಡುವುದಕ್ಕೂ ಬೇಕಾದುದನ್ನು ಹುಡುಕಿ ಕೊಡುವುದಕ್ಕೂ ಅಂತರವಿಲ್ಲವೆ? ಹಾಕಿದ ಸಾರಜನಕದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಬೆಳೆಗೆ ದಕ್ಕುತ್ತದೆ. ಉಳಿದದ್ದು ಗಾಳಿಗೆ, ಹಳ್ಳಕ್ಕೆ, ಬಾವಿಯ ನೀರಿಗೆ. ಅದರಲ್ಲೊಂದು ಅಂಶ ನೈಟ್ರಸ್ ಆಕ್ಸೈಡ್ ಆಗಿ ಮೇಲೇರಿ, ಇಂಗಾಲದ ಡೈಆಕ್ಸೈಡಿಗಿಂತ 250ಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಕಾಯಿಸುತ್ತದೆ. 2015ರಿಂದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾದದ್ದು, ಅದು ನೈಟ್ರೇಟ್ ಆಗುವ ವೇಗವನ್ನು ತಡೆದು ನಷ್ಟ ತಗ್ಗಿಸಲೆಂದು. ಹಳೆಯ ಬೇವು ಹೊಸ ಹರಳಿಗೆ ತಾಳ್ಮೆ ಕಲಿಸುತ್ತಿದೆ. ತಾಳ್ಮೆ ನಮ್ಮ ಕೈಗೂ ಬರಬೇಕಲ್ಲವೆ?

ರಂಜಕ, ಪೊಟ್ಯಾಷ್‌ಗಳ ಕಥೆ ಇನ್ನೂ ಗಂಭೀರ. ಸಾರಜನಕಕ್ಕೆ ಗಾಳಿಯೆಂಬ ಬತ್ತದ ಕಣಜವಿದೆ. ರಂಜಕಕ್ಕೆ ಹಾಗಿಲ್ಲ. ಮೊರಾಕ್ಕೊ, ಜೋರ್ಡಾನ್‌ಗಳಂಥ ದೇಶಗಳಲ್ಲಿ ಅಗೆದ ಫಾಸ್ಫೇಟ್ ಶಿಲೆಯನ್ನು ಗಂಧಕಾಮ್ಲದಲ್ಲಿ ಕರಗಿಸಿ ತೆಗೆದ ರಂಜಕ ಸಿಂದಗಿಯ ಹೊಲಕ್ಕೆ ಬರುತ್ತದೆ. ಕೆನಡಾ, ರಷ್ಯಾಗಳಲ್ಲಿ ಬತ್ತಿಹೋದ ಪುರಾತನ ಸಮುದ್ರಗಳ ಉಪ್ಪು, ಪೊಟ್ಯಾಷ್ ಆಗಿ ಇಂಡಿಯ ನಿಂಬೆ ಮತ್ತು ದ್ರಾಕ್ಷಿ ತೋಟಗಳಿಗೆ ಬರುತ್ತದೆ. ದೂರದಲ್ಲೆಲ್ಲೋ ಯುದ್ಧವಾದರೆ, ಹಡಗು ತಡೆದರೆ, ಇಲ್ಲಿ ಮುಂಗಾರಿನ ಬಿತ್ತನೆ ತಡವಾಗುತ್ತದೆ. ಲೋಕವೆಲ್ಲ ಒಂದೇ ಒಕ್ಕಲೆಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ಇನ್ನೊಬ್ಬರ ಭೂಮಿಯನ್ನು ಅಗೆದು ತಂದದ್ದನ್ನು ಬಳಸುವಾಗ ಹಿಡಿ ಹಿಡಿಯಲ್ಲೂ ಎಚ್ಚರವಿರಬೇಕು. ಹನಿ ನೀರಾವರಿಯ ಜೊತೆಗೇ ಗೊಬ್ಬರವನ್ನು ಕರಗಿಸಿ, ಬೇರಿಗೆ ಬೇಕಾದ ಹೊತ್ತಿಗೆ ಬೇಕಾದಷ್ಟೇ ಕೊಡುವ ಇಂಡಿಯ ತೋಟಗಾರರಲ್ಲಿ ಆ ಎಚ್ಚರದ ಒಂದು ಮಾದರಿ ಕಾಣುತ್ತದೆ.

ನೀರಿನ ವಿಷಯದಲ್ಲೂ ನಾವು ಕಲಿಯಬೇಕಾದದ್ದು ಈ ಎಚ್ಚರವನ್ನೇ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟಾಗ ಈ ಬಯಲು ಎಷ್ಟು ಕನಸು ಕಂಡಿತ್ತು! ನಾರಾಯಣಪುರದಿಂದ ಹೊರಟ ಕಾಲುವೆಗಳು, ಮುಳವಾಡ ಮತ್ತು ಚಿಮ್ಮಲಗಿಯ ಏತ ನೀರಾವರಿಗಳು ಆ ಕನಸನ್ನು ಹೊಲ ಹೊಲಕ್ಕೆ ಒಯ್ದವು. ಆದರೆ ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡದ ಮಣ್ಣು. ಬಸಿದುಹೋಗಲು ದಾರಿ ಮಾಡದೆ ನೀರು ನಿಲ್ಲಿಸಿದಲ್ಲಿ ಆಳದ ಉಪ್ಪು ಮೇಲೆದ್ದು ಬರುತ್ತದೆ, ಒಳ್ಳೆಯ ಭೂಮಿ ಸವಳು–ಜವಳಾಗುತ್ತದೆ. ನೀರೂ ಅಮೃತ, ಗೊಬ್ಬರವೂ ಅಮೃತ. ಅಳತೆ ತಪ್ಪಿದರೆ ಅಮೃತಕ್ಕೂ ಮಣ್ಣು ಸಾಯುತ್ತದೆ.

ಗಾಳಿಯ ಸಾರಜನಕವನ್ನು ಅಳತೆಯರಿತು ಕೊಡುವ ಕೆಲಸವನ್ನು ಪ್ರಕೃತಿ ಹೇಗೆ ಮಾಡುತ್ತದೆಂದು ತಿಳಿಯಲು ತೊಗರಿಯ ಗಿಡವೊಂದನ್ನು ಮೆಲ್ಲಗೆ ಕಿತ್ತು ಬೇರನ್ನು ನೋಡಿದರೆ ಸಾಕು. ಸಣ್ಣ ಸಣ್ಣ ಗಂಟುಗಳು, ಒಡೆದರೆ ಒಳಗೆ ನಸುಗೆಂಪು. ಕಾರ್ಖಾನೆ 400 ಡಿಗ್ರಿ ಶಾಖದಲ್ಲಿ ಮಾಡುವುದನ್ನು ರೈಜೋಬಿಯಂ ಜೀವಾಣುಗಳು ಅಲ್ಲಿ ಮಣ್ಣಿನ ತಂಪಿನಲ್ಲಿ ಸದ್ದಿಲ್ಲದೆ ಮಾಡುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ, ಅವು ಗಿಡಕ್ಕೆ ಸಾರಜನಕ ಕೊಡುತ್ತವೆ. ಯಾರೂ ಯಾರ ಮೇಲೂ ಉಪಕಾರ ಹೊರಿಸುವುದಿಲ್ಲ. ಇದರಲ್ಲಿ ಇನ್ನೊಂದು ವಿಸ್ಮಯವಿದೆ. ಹೊಲಕ್ಕೆ ಯೂರಿಯಾ ಅತಿಯಾಗಿ ಸುರಿದರೆ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಹೊರಗಿನಿಂದ ಧಾರಾಳವಾಗಿ ಬಂದಾಗ ಒಳಗಿನ ಶಕ್ತಿ ದುಡಿಯುವುದನ್ನು ಬಿಡುತ್ತದೆ. ನಮ್ಮ ಮಕ್ಕಳಿಗೆ, ನಮ್ಮ ಸಂಸ್ಥೆಗಳಿಗೆ, ನಮ್ಮ ಊರುಗಳಿಗೆ ನಾವು ಕೊಡುವಾಗಲೂ ಈ ಮಾತನ್ನು ನೆನೆಯಬೇಡವೆ? ಪಡೆಯುವವನ ಸ್ವಂತ ಬಲವನ್ನು ಬೆಳೆಸುವ ಕೊಡುಗೆಯೇ ಕೊಡುಗೆ. ಅವನ ಬಲವನ್ನು ಮಲಗಿಸುವ ಕೊಡುಗೆ ಎಷ್ಟೇ ಉದಾರವಾಗಿ ಕಂಡರೂ ಕೊನೆಗೆ ಅಪಕಾರವೇ.

ಕೊಡುವುದರ ಮರ್ಮವನ್ನು ಕುರಿತು ಆಳವಾಗಿ ಯೋಚಿಸಿದ ಒಬ್ಬರು ಇದೇ ನೆಲದಲ್ಲಿ ಹುಟ್ಟಿದರು. ಹನ್ನೆರಡನೆಯ ಶತಮಾನದ ಬಾಗೇವಾಡಿಯ ಬಸವಣ್ಣನವರು ದುಡಿಮೆಯನ್ನು ಕಾಯಕವೆಂದರು, ದುಡಿದದ್ದನ್ನು ಸಮಾಜಕ್ಕೆ ಸಲ್ಲಿಸುವುದನ್ನು ದಾಸೋಹವಾಗಿಸಿದರು. ದಾಸೋಹದಲ್ಲಿ ಕೊಡುವವನು ದೊಡ್ಡವನಲ್ಲ, ಪಡೆಯುವವನೇ ಪೂಜ್ಯ. ಮನೆಗೆ ಬಂದ ಜಂಗಮನಿಗೆ ಉಣಬಡಿಸುವವರು ಅವನ ಹಸಿವನ್ನು ನೋಡಿ ಬಡಿಸುತ್ತಾರೆ. ತಮ್ಮ ಮನೆಯಲ್ಲಿ ಯಾವುದು ಹೆಚ್ಚಾಗಿದೆಯೋ ಅದನ್ನೇ ತಾಟಿನ ತುಂಬ ಸುರಿಯುವುದಿಲ್ಲ. ಮಣ್ಣಿಗೆ ಕೊಡುವಾಗ ನಮ್ಮಲ್ಲಿ ಈ ವಿನಯವಿದೆಯೆ? ಇಷ್ಟು ಚೀಲ ಹಾಕಿದೆ ಎಂಬ ಹೆಮ್ಮೆ ನಮ್ಮ ಮಾತಿನಲ್ಲಿದೆ. ಮಣ್ಣಿಗೆ ಏನು ಬೇಕಾಗಿತ್ತು ಎಂದು ಕೇಳಿದ ನೆನಪು ಅಪರೂಪ. ಕಾಯಕವನ್ನು ನಾವು ಕೈಬಿಟ್ಟಿಲ್ಲ. ಈ ಸೀಮೆಯ ರೈತರಷ್ಟು ದುಡಿಯುವವರು ವಿರಳ. ಹೊಲಕ್ಕೆ ಸಲ್ಲಬೇಕಾದ ದಾಸೋಹವನ್ನು ಮಾತ್ರ ಚೀಲಕ್ಕೆ ವಹಿಸಿಬಿಟ್ಟಿದ್ದೇವೆ.

ಪಡೆಯುವವನನ್ನು ಅರಿಯದೆ ಕೊಟ್ಟದ್ದು ಕೊಡುಗೆಯಾಗುವುದಿಲ್ಲ. ನಮ್ಮ ವಿಚಾರವೆಲ್ಲ ಬಂದು ನಿಲ್ಲುವುದು ಇಲ್ಲಿ. ಮಣ್ಣು ಪರೀಕ್ಷೆ ಎಂಬುದು ಸರಕಾರಿ ಕಾಗದದ ವ್ಯವಹಾರವೆಂದು ಅನೇಕರ ಎಣಿಕೆ. ಅದು ಮಣ್ಣನ್ನು ಮಾತಾಡಿಸುವ ಬಗೆ, ನಿನಗೇನು ಬೇಕೆಂದು ಬಾಗಿ ಕೇಳುವ ಬಗೆ. ಬೇಸಿಗೆಯಲ್ಲಿ ಹೊಲದ ಹಲವು ಕಡೆಯ ಮಣ್ಣನ್ನು ಒಂದು ಗೇಣು ಆಳದಿಂದ ತೆಗೆದು, ಕೂಡಿಸಿ, ಅರ್ಧ ಕಿಲೊದಷ್ಟನ್ನು ರೈತ ಸಂಪರ್ಕ ಕೇಂದ್ರಕ್ಕೋ ಇಂಡಿ, ವಿಜಯಪುರಗಳ ಕೃಷಿ ವಿಜ್ಞಾನ ಕೇಂದ್ರಕ್ಕೋ ಮುಟ್ಟಿಸುವುದು ದೊಡ್ಡ ಶ್ರಮವೆ? ಬಂದ ಉತ್ತರದಂತೆ ಚೀಲವನ್ನು ಅಳೆದು ಹಾಕುವುದು, ಯೂರಿಯಾವನ್ನು ತೇವದ ಮಣ್ಣಿನೊಳಗೆ ಇಳಿಸುವುದು, ತೊಗರಿ–ಕಡಲೆಗೆ ಬಿತ್ತುವ ಮೊದಲು ರೈಜೋಬಿಯಂ ಲೇಪಿಸುವುದು, ಕಣಿಕೆ, ರವದಿ, ತೊಗರಿಯ ಕಸಗಳನ್ನು ಬೆಂಕಿಗೆ ಕೊಡದೆ ಗುಂಡಿಗೆ ಕೊಡುವುದು, ಇವೆಲ್ಲ ಕೇಳಿ ಕೇಳಿ ಹಳತಾದ ಸಲಹೆಗಳು. ಹಳತಾದದ್ದು ಸಲಹೆ ಮಾತ್ರ, ಆಚರಣೆ ಇನ್ನೂ ಹೊಸದಾಗಿಯೇ ಉಳಿದಿದೆ. ದನಗಳಿಲ್ಲದ ಹಟ್ಟಿಯಲ್ಲಿ ತಿಪ್ಪೆಯೆಲ್ಲಿಂದ ಬರಬೇಕೆಂಬ ಪ್ರಶ್ನೆಯೂ ನ್ಯಾಯವಾದದ್ದೇ. ಟ್ರ್ಯಾಕ್ಟರ್ ಎತ್ತಿನ ಜಾಗ ಹಿಡಿಯಿತು. ಸೆಗಣಿ ಮಾತ್ರ ಕೊಡಲಿಲ್ಲ. ಆದ್ದರಿಂದ ಇದು ಒಬ್ಬ ರೈತನ ಹೆಗಲ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಮಾತಲ್ಲ. ಆ ಹೊಲದ ಕಾಳು ಉಣ್ಣುವ ಪಟ್ಟಣದ ಹಸಿಕಸವೂ ಮಾರುಕಟ್ಟೆಯ ಸೊಪ್ಪೂ ಕಾರ್ಖಾನೆಯ ಮಡ್ಡಿಯೂ ಗೊಬ್ಬರವಾಗಿ ಹೊಲಕ್ಕೆ ಹಿಂದಿರುಗುವ ದಾರಿಯನ್ನು ಪಟ್ಟಣದವರೂ ಸೇರಿ ಕಟ್ಟಬೇಕು. ಉಣ್ಣುವವರೆಲ್ಲರೂ ಋಣಿಗಳೇ ಅಲ್ಲವೆ?

ಅಣ್ಣತಮ್ಮಂದಿರು ಪಾಲಾಗುವಾಗ ನಾವು ಎಕರೆ, ಗುಂಟೆ ಅಳೆಯುತ್ತೇವೆ, ಬದುವಿನ ಕಲ್ಲಿಗಾಗಿ ವರ್ಷಗಟ್ಟಲೆ ಕೋರ್ಟು ಹತ್ತುತ್ತೇವೆ, ಉತಾರದಲ್ಲಿ ಹೆಸರು ಸರಿಯಿದೆಯೆ ಎಂದು ನೂರು ಸಲ ನೋಡುತ್ತೇವೆ. ಆ ಎಕರೆಯೊಳಗೆ ಇಂಗಾಲ ಎಷ್ಟು ಉಳಿದಿದೆ, ಅಜ್ಜನ ಕಾಲಕ್ಕಿಂತ ಮಣ್ಣು ಬಲವಾಗಿದೆಯೋ ಬಡವಾಗಿದೆಯೋ ಎಂದು ಕೇಳಿದವರುಂಟೆ? ಅಳತೆಯಲ್ಲಿ ಅಷ್ಟೇ ಇದ್ದು ಸತ್ವದಲ್ಲಿ ಅರ್ಧವಾದ ಹೊಲವನ್ನು ಮಗನ ಕೈಗಿತ್ತರೆ, ಉತಾರದ ಲೆಕ್ಕದಲ್ಲಿ ನಾವು ಪೂರ್ತಿ ಕೊಟ್ಟಂತೆಯೇ ಕಾಣುತ್ತೇವೆ, ನಿಜದಲ್ಲಿ ಅರ್ಧವನ್ನು ಉಂಡು ಹೋಗಿರುತ್ತೇವೆ. ಹೇಬರ್ ಮತ್ತು ಬಾಷ್ ಕೊಟ್ಟ ವಿದ್ಯೆಯನ್ನು ನಾವು ಕೃತಜ್ಞತೆಯಿಂದ ಬಳಸೋಣ, ಹಿರಿಯರು ಕೊಟ್ಟ ತಿಪ್ಪೆಯನ್ನು ಅಷ್ಟೇ ಗೌರವದಿಂದ ಉಳಿಸೋಣ, ಎರಡರ ನಡುವೆ ಮಣ್ಣಿನ ಮಾತಿಗೆ ಕಿವಿಗೊಡೋಣ. ಬರುವ ಬೇಸಿಗೆಯಲ್ಲಿ ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸೋಣ. ಮಕ್ಕಳಿಗೆ ಹೊಲವನ್ನು ಒಪ್ಪಿಸುವ ದಿನ ಆ ಪರೀಕ್ಷೆಯ ಕಾಗದಗಳನ್ನೂ ಉತಾರದ ಜೊತೆ ಇಟ್ಟು ಒಪ್ಪಿಸುವ ಧೈರ್ಯ ನಮಗಿರಲಿ.